ಮಡಿಕೆಗಳು

ನಮ್ಮ ಗಾಡಿಗೂ ಒಂದು ಕ್ಯಾಲೆಂಡರಿದೆ,
ಅಕ್ಕಿ ಅಂಗಡಿಯವರು ಕೊಟ್ಟದ್ದು.
ಯಾರ ಬಾಕಿ ಎಷ್ಟೆಂದು ಗೀಚುವುದಕ್ಕೆ ಬಿಟ್ಟರೆ
ನಾನು ಅದರ ಕಡೆ ನೋಡುವುದಿಲ್ಲ.
ಕಾಲ ನನಗೆ ತಿಳಿಯುವುದು
ಗಂಟು ಬಿಚ್ಚಿದಾಗ.

ಜೂನಿನಲ್ಲಿ ನೀಲಿ ಲಂಗ, ಹೊಸ ಬಟ್ಟೆಯ ಗಂಜಿ ವಾಸನೆ,
ತೋಳು ಒಂದು ಗೇಣು ಉದ್ದ,
ಮುಂದಿನ ವರ್ಷಕ್ಕೂ ಆಗಲೆಂದು.
ಆಷಾಢದಲ್ಲಿ ಬರೀ ಅಂಗಿ, ಬರೀ ಗಾಳಿ.
ಪೆಟ್ಟಿಗೆಯಿಂದ ಕಿಡಿ ಹಾರಿ
ಮೀಟರು ಓದುವ ಪುಟ್ಟನಂಜಪ್ಪನವರ ಪ್ಯಾಂಟಿಗೆ
ಸಾಸಿವೆಯಷ್ಟು ತೂತು.
ಬೆರಳಾಡಿಸಿ ನೋಡಿದರು.
"ಇರಲಿ ಬಿಡಮ್ಮ, ಗಾಳಿಯಾಡಲಿ" ಅಂದರು.
ಆ ವಾರ ದುಡ್ಡು ಬೇಡವೆಂದೆ.
ಹೋದ ಮೇಲೆ ನೋಡಿದರೆ
ಚಕ್ರಕ್ಕೆ ಕೊಟ್ಟ ಇಟ್ಟಿಗೆಯ ಕೆಳಗೆ ನೋಟು.

ಶ್ರಾವಣವೆಂದರೆ ರೇಷ್ಮೆ.
ಒಂದೊಂದು ಸೀರೆಗೂ ಒಂದೊಂದು ಬೀರುವಿನ ವಾಸನೆ:
ನುಸಿಗುಳಿಗೆ, ಲವಂಗ, ಯಾವುದೋ ಮದುವೆಯ ಗಂಧ.
ಜರಿಯ ಮೇಲೆ ಹಳೇ ಪಂಚೆ ಹಾಸಿ
ಉಸಿರು ಹಿಡಿದು ಒತ್ತುತ್ತೇನೆ.
ನನಗೂ ಒಂದಿದೆ, ನೇರಳೆ ಬಣ್ಣದ್ದು.
ಅದಕ್ಕೆ ಇಸ್ತ್ರಿ ಹಾಕಲು ಯಾವತ್ತೂ ಪುರುಸೊತ್ತಿಲ್ಲ.
ಹಬ್ಬದ ಹಿಂದಿನ ರಾತ್ರಿ ಹಾಸಿಗೆಯಡಿ ಇಟ್ಟು ಮಲಗಿದರೆ
ಬೆಳಿಗ್ಗೆ ನನ್ನ ಭಾರಕ್ಕೇ ಗೆರೆ ಬಿದ್ದಿರುತ್ತದೆ.

ಮಳೆ ಜೋರಾದರೆ ಗಾಡಿಯ ಕೆಳಗೆ
ನಾನು, ಬೀದಿನಾಯಿ ಕರಿಯ,
ಒಮ್ಮೊಮ್ಮೆ ವಿಳಾಸ ಸಿಗದ ಡೆಲಿವರಿ ಹುಡುಗ.
ನಡುವೆ ಬಿಸಿ ಪೆಟ್ಟಿಗೆ.
ಯಾರೂ ಮಾತಾಡುವುದಿಲ್ಲ.
ತ್ಯಾಗರಾಜನಗರದ ನಮ್ಮ ಅಡ್ಡರಸ್ತೆ ಹೊಳೆಯಾಗಿ
ಒಂದು ಹವಾಯಿ ಚಪ್ಪಲಿ ತೇಲಿ ಹೋಗುತ್ತದೆ,
ಬಹಳ ಗಾಂಭೀರ್ಯದಿಂದ.

ಮಾಗಿಯಲ್ಲಿ ಈ ಬೀದಿಗೆ ನಾನೇ ಸಾಹುಕಾರ್ತಿ.
ಕೆಂಡ ಊದುವುದೇ ತಡ
ಹಾಲಿನವನು, ಹೂವಿನ ಸಾಕಮ್ಮ, ಪೇಪರ್ ಹುಡುಗರು
ಕೈ ಚಾಚಿಕೊಂಡು ಬರುತ್ತಾರೆ.
ಎದುರು ಮನೆಯ ಮೆಟ್ಟಿಲಿನಿಂದ ಅವರೆಕಾಯಿಯ ಸೊಗಡು.
ಸಂಕ್ರಾಂತಿಯ ಮಾರನೆಯ ದಿನ
ಯಾವುದೋ ಮಗುವಿನ ಜೇಬಿನಲ್ಲಿ
ಸಕ್ಕರೆ ಅಚ್ಚಿನ ಗಿಳಿ ಉಳಿದಿತ್ತು.
ಪೆಟ್ಟಿಗೆ ಇಟ್ಟ ಮೇಲೆ ಗೊತ್ತಾಯಿತು.
ಪಾಕದ ಪರಿಮಳಕ್ಕೆ ಬೀದಿಯೇ ಮೂಗೆತ್ತಿತು.
ಮೂರು ಸಲ ಒಗೆದು ಕೊಟ್ಟೆ, ನಗುತ್ತ.

ಆಮೇಲೆ ಹೊಂಗೆ ಮರ ಬೋಳು.
ಹತ್ತು ದಿನ ತಲೆಯ ಮೇಲೆ ಏನೂ ಇಲ್ಲ.
ಹನ್ನೊಂದನೆಯ ದಿನ ನೆತ್ತಿ ತಂಪೆನಿಸಿ
ಕತ್ತೆತ್ತಿದರೆ
ಎಣ್ಣೆ ಹಚ್ಚಿದಂಥ ಎಲೆ, ಎಲ್ಲ ಹೊಸತು,
ಒಂದಕ್ಕೂ ಒಂದು ಮಡಿಕೆಯಿಲ್ಲ.
ಯುಗಾದಿ ಕಳೆದು ಹೂ ಉದುರಿದರೆ
ನೆಲದ ತುಂಬ ಪುರಿ ಚೆಲ್ಲಿದ ಹಾಗೆ.
ಬಿಳಿ ಅಂಗಿಗಳನ್ನು ಕೊಡವಿ ಕೊಡವಿ ಕೈ ಸೋಲುತ್ತದೆ.
ಮೇಲೆ ಬಟ್ಟೆ ಕಟ್ಟಮ್ಮ ಎನ್ನುತ್ತಾಳೆ ಮಗಳು ತುಳಸಿ.
ಕಟ್ಟಬಹುದು.

ಈ ಸಲ ಟಾರ್ಪಾಲಿನ ಹಗ್ಗಕ್ಕೆ
ಕಸದಂಥದ್ದೇನೋ ಜೋತು ಬಿದ್ದಿತ್ತು.
ಕಿತ್ತೆಸೆಯಲು ಕೈ ಎತ್ತಿದೆ.
ಒಳಗಿನಿಂದ ಒಂದು ಕೊಕ್ಕು, ಸೂಜಿಯಷ್ಟು.
ಸೂರಕ್ಕಿ ಅಂದಳು ತುಳಸಿ.
ಜೇಡರ ಬಲೆ, ಒಣಗಿದ ಹೂ,
ಜೇಬುಗಳಿಂದ ನಾನು ಕೊಡವಿದ ಜುಂಗು,
ಒಂದು ಬಸ್ ಟಿಕೀಟಿನ ಚೂರು,
ಸೋಫಿಯಾ ಟೀಚರ ಹಳದಿ ದುಪಟ್ಟಾದ ಎಳೆ.
ಹದಿನೇಳು ದಿನ ಗಾಡಿ ಒಂದಿಂಚೂ ಕದಲಲಿಲ್ಲ.
ಸಂಜೆಯ ಬಿಸಿಲೆಲ್ಲ ನನ್ನ ಮುಖಕ್ಕೇ.
ಪಿಳ್ಳಪ್ಪ, ನನ್ನ ಗಂಡ,
ಬೀಡಿ ಸೇದಲು ರಸ್ತೆಯ ಆ ಬದಿಗೆ ಹೋಗುತ್ತಿದ್ದ,
ಮೂರು ಮಕ್ಕಳು ಹುಟ್ಟಿದಾಗಲೂ ಹೋಗದವನು.

ಒಂದು ಭಾನುವಾರ ರಜೆ ಮಾಡಿದೆವು.
ಸೋಮವಾರ ಗೂಡು ಹಗುರವಾಗಿ ತಿರುಗುತ್ತಿತ್ತು.
ಎರಡು ಮರಿಯೋ ಮೂರೋ, ಗೊತ್ತಾಗಲೇ ಇಲ್ಲ.

ಇವತ್ತು ಬನಶಂಕರಿಯ ಕಡೆ ಮೋಡ ಕಟ್ಟಿದೆ.
ಮಣ್ಣಿನ ವಾಸನೆ ಮೊದಲು ಬಂದಿದೆ, ಮಳೆ ಇನ್ನೂ ದಾರಿಯಲ್ಲಿದೆ.
ಇಪ್ಪತ್ತೆರಡು ಅಂಗಿ ಬಾಕಿ.
ಸೋಫಿಯಾ ಟೀಚರಿಗೆ ಏಳಕ್ಕೆ ದುಪಟ್ಟಾ ಬೇಕಂತೆ.
ಎಳೆ ಹೋದ ಅಂಚು
ಒಳಗೆ ಬರುವ ಹಾಗೆ ಮಡಿಸುತ್ತೇನೆ.